ಹಳೆಯ ಬಿಸಿನೆಸ್ ಜೆಟ್ ಕೊಂಡು ಕಲಬುರಗಿಯಲ್ಲಿ ಇಟ್ಟುಕೊಳ್ಳಬೇಕೆನ್ನುವವರಿಗೆ

ಕಲಬುರಗಿಯ ಗಂಜಿನಲ್ಲಿ ತೊಗರಿಬೇಳೆಯ ವ್ಯಾಪಾರ ಮಾಡುವ ಸಾಹುಕಾರರೊಬ್ಬರು ಕೆಲವು ವರ್ಷಗಳ ಹಿಂದೆ ನನ್ನನ್ನು ಕರೆಸಿಕೊಂಡು, ಮಾರಾಟಕ್ಕಿದ್ದ ಒಂದು ಹಳೆಯ ಜೆಟ್ ವಿಮಾನದ ಫೋಟೊಗಳನ್ನು ಮುಂದಿಟ್ಟು ಕೇಳಿದ್ದರು: "ಎತ್ತು ಕೊಳ್ಳೂವಾಗ ಬಾಯಿ ತೆರೆಸಿ ಹಲ್ಲು ಎಣಿಸ್ತೀವ್ರಿ. ಇದಕ್ಕ ಏನ್ ಎಣಿಸಬೇಕ್ರಿ?" ಫೋಟೊದಲ್ಲಿ ಹೊಸ ಬಣ್ಣ ಮಿರಮಿರ ಮಿಂಚುತ್ತಿತ್ತು, ಒಳಗಿನ ಚರ್ಮದ ಕುರ್ಚಿಗಳೂ ಹೊಸವು. "ಲಾಗ್‌ಬುಕ್ಕಿನ ಹಾಳೆ ಎಣಿಸಬೇಕ್ರಿ" ಎಂದೆ. ವಿಮಾನ ನಿರ್ವಹಣೆಯ ಕೆಲಸದಲ್ಲೇ ತಲೆ ನರೆತ ನನಗೆ ಆ ದಿನದಿಂದ ಅವರ ವಿಮಾನದ ಉಸ್ತುವಾರಿಯೂ ಅಂಟಿಕೊಂಡಿತು. ಅಲ್ಲಿಂದ ಈಚೆಗೆ ನಾವು ಮಾಡಿದ ತಪ್ಪುಗಳನ್ನೂ ಸರಿಪಡಿಸಿಕೊಂಡ ಬಗೆಯನ್ನೂ ಸೇರಿಸಿ, ಈ ಭಾಗದಲ್ಲಿ ಇಂಥ ವಿಮಾನ ಕೊಳ್ಳಲು ಯೋಚಿಸುತ್ತಿರುವವರು ಯಾವ ಕ್ರಮದಲ್ಲಿ ಮುಂದುವರಿಯಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಎಲ್ಲಿಗೆ ಹೋಗುತ್ತೀರಿ ಎಂಬ ಲೆಕ್ಕ

ವಿಮಾನ ನೋಡಲು ಹೋಗುವ ಮೊದಲು, ಕಳೆದ ಒಂದು ವರ್ಷದಲ್ಲಿ ನೀವು ಮಾಡಿದ ಪ್ರವಾಸಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕಲಬುರಗಿಯಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 490 ಕಿ.ಮೀ., ಮುಂಬೈಗೆ ಸುಮಾರು 460 ಕಿ.ಮೀ., ದೆಹಲಿಗೆ ಸುಮಾರು 1,250 ಕಿ.ಮೀ. ಆಗುತ್ತದೆ. ಸೈಟೇಷನ್ 2ರಂಥ ಹಳೆಯ ಸಣ್ಣ ಜೆಟ್ ಗಂಟೆಗೆ 650 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೋಗುವುದರಿಂದ ದೆಹಲಿ ಎರಡು ಗಂಟೆಯ ದಾರಿ, ಬೆಂಗಳೂರು ಗಂಟೆಗೂ ಕಡಿಮೆ.

ಇಲ್ಲಿ ಹೊಸಬರು ಗಮನಿಸದ ಒಂದು ವಿಷಯವಿದೆ. ಜೆಟ್ ಎಂಜಿನ್ನು ಎತ್ತರದಲ್ಲಿ ಕಡಿಮೆ ಕುಡಿಯುತ್ತದೆ, ಕೆಳಗೆ ಹೆಚ್ಚು ಕುಡಿಯುತ್ತದೆ. ಬೆಂಗಳೂರಿಗೆ ಹೊರಟ ವಿಮಾನ ಮೇಲೇರಿ ನೆಟ್ಟಗಾಗುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಎಂಜಿನ್ನಿನ ತಿರುಗುವ ಡಿಸ್ಕುಗಳ ಆಯುಷ್ಯವನ್ನು ಗಂಟೆಗಳಲ್ಲಲ್ಲದೆ ಸೈಕಲ್‌ಗಳಲ್ಲಿ, ಅಂದರೆ ಒಮ್ಮೆ ಎಂಜಿನ್ ಚಾಲೂ ಮಾಡಿ ಹಾರಿ ಇಳಿದು ಬಂದ್ ಮಾಡುವ ಸರದಿಗಳಲ್ಲಿ ಎಣಿಸುತ್ತಾರೆ. ವರ್ಷಕ್ಕೆ 200 ಗಂಟೆಯನ್ನು ಎರಡೆರಡು ಗಂಟೆಯ ಹಾರಾಟಗಳಲ್ಲಿ ಹಾರಿದರೆ 100 ಸೈಕಲ್. ಅದೇ 200 ಗಂಟೆಯನ್ನು 50 ನಿಮಿಷದ ಹಾರಾಟಗಳಲ್ಲಿ ಕಳೆದರೆ 240 ಸೈಕಲ್. ನಿಮ್ಮ ಹಾಳೆಯಲ್ಲಿ ಬೆಂಗಳೂರು ಬಿಟ್ಟರೆ ಬೇರೆ ಊರಿನ ಹೆಸರೇ ಇಲ್ಲವೆಂದಾದರೆ, 2024ರ ಮಾರ್ಚಿನಿಂದ ಕಲಬುರಗಿಯಿಂದಲೇ ಹೊರಡುತ್ತಿರುವ ವಂದೇ ಭಾರತ್ ರೈಲಿನ ಟಿಕೆಟ್ ತೆಗೆಸಿರಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಯಾವ ವಿಮಾನ, ಎಲ್ಲಿಂದ

ವಿದೇಶದ ಮಾರುಕಟ್ಟೆಯಲ್ಲಿ ಹಳೆಯ ಸೈಟೇಷನ್ 2 ಒಂದು 10 ಲಕ್ಷ ಡಾಲರಿಗೂ ಕಡಿಮೆ ಬೆಲೆಗೆ ಸಿಗುವುದನ್ನು ನೋಡಿ ಮರುಳಾಗುವವರು ಬಹಳ. ಆದರೆ ಭಾರತಕ್ಕೆ ಆಮದಾಗುವ ವಿಮಾನಗಳ ವಯಸ್ಸು, ಒತ್ತಡದ ಸರದಿಗಳ (ಹಾರಾಟಗಳಲ್ಲಿ ಕ್ಯಾಬಿನ್ನಿಗೆ ಗಾಳಿಯ ಒತ್ತಡ ತುಂಬಿ ಇಳಿಸಿದ ಎಣಿಕೆಯ) ಮೇಲೆ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮವಿದ್ದು, ಅದು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತ ಬಂದಿದೆ. ಆದ್ದರಿಂದ ಮುಂಗಡ ಕೊಡುವ ಮೊದಲು ಆ ದಿನಕ್ಕೆ ಜಾರಿಯಲ್ಲಿರುವ ನಿಯಮದ ಪ್ರತಿಯನ್ನು ಓದಿಸಿಕೊಳ್ಳಬೇಕು. ಮಧ್ಯವರ್ತಿಯ ಬಾಯಿಮಾತು ಸಾಲದು. ಈ ಕಾರಣಕ್ಕೇ ತೀರ ಹಳೆಯ ವಿಮಾನ ಬೇಕೆನ್ನುವವರಿಗೆ ಈಗಾಗಲೇ ವಿಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಭಾರತೀಯ ನೋಂದಣಿಯಲ್ಲಿರುವ ವಿಮಾನವೇ ಸುಲಭದ ದಾರಿ.

ಮಾದರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ: ಬಿಡಿಭಾಗಗಳನ್ನು ಪೂರೈಸುವ ಕಂಪನಿ ಇನ್ನೂ ಬಾಗಿಲು ತೆರೆದಿರುವ ವಿಮಾನವನ್ನೇ ಕೊಳ್ಳಬೇಕು. ಸೈಟೇಷನ್ ಕುಟುಂಬ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಸೈಟೇಷನ್ 1969ರಲ್ಲಿ ಹಾರಿತು, ಅದರ ವಂಶ ಇಂದಿಗೂ ತಯಾರಾಗುತ್ತಿದೆ. ಹಾಕರ್ 800 ಸಾಲಿನ ವಿಮಾನಗಳು ವಿಶಾಲವಾಗಿವೆ, ಗಟ್ಟಿಯಾಗಿವೆ. ತಯಾರಕ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿದ ಮೇಲೆ ಅವುಗಳ ತಯಾರಿಕೆ ನಿಂತಿತಾದರೂ ಬಿಡಿಭಾಗಗಳ ಹೊಣೆಯನ್ನು ಬೇರೆ ಕಂಪನಿ ವಹಿಸಿಕೊಂಡಿದೆ. ಲಿಯರ್‌ಜೆಟ್ ತಯಾರಿಕೆ 2022ರಲ್ಲಿ ಮುಗಿಯಿತು. ಅದೇ ಹೆಸರಿನ ಮೊದಲ ತಲೆಮಾರಿನ ವಿಮಾನಗಳು ಮಾತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಅವುಗಳ ಎಂಜಿನ್ನಿನ ಸದ್ದಿನ ಕಾರಣಕ್ಕೆ ಅಮೆರಿಕವೇ 2015ರ ಅಂತ್ಯಕ್ಕೆ ಅವುಗಳ ಹಾರಾಟ ನಿಲ್ಲಿಸಿತು, ಮೇಲಾಗಿ ಇಂಧನವನ್ನಂತೂ ಕುಡಿಯುವುದಲ್ಲ, ಚೆಲ್ಲುತ್ತವೆ.

ಇನ್ನೊಂದು ಪ್ರಶ್ನೆಯನ್ನು ಫೋನಿನಲ್ಲೇ ಕೇಳಿ ಮುಗಿಸಿರಿ: ವಿಮಾನಕ್ಕೆ ಆರ್‌ವಿಎಸ್‌ಎಂ ಅನುಮತಿ ಇದೆಯೇ? 29,000ದಿಂದ 41,000 ಅಡಿಯವರೆಗೆ ವಿಮಾನಗಳ ನಡುವಣ ಲಂಬ ಅಂತರವನ್ನು 1,000 ಅಡಿಗೆ ಇಳಿಸಿದ ಈ ವ್ಯವಸ್ಥೆ ಭಾರತದಲ್ಲಿ 2003ರ ನವೆಂಬರಿನಿಂದ ಜಾರಿಯಲ್ಲಿದೆ. ಎತ್ತರಮಾಪಕಗಳು ಅದಕ್ಕೆ ತಕ್ಕಷ್ಟು ನಿಖರವಾಗಿಲ್ಲದ ವಿಮಾನ ಕೆಳಗೇ ಉಳಿಯಬೇಕಾಗುತ್ತದೆ, ಕೆಳಗೆ ಉಳಿದರೆ ದೆಹಲಿಯಂಥ ದೂರದ ದಾರಿಗೆ ಇಂಧನ ಹೆಚ್ಚು ಬೇಕಾಗುತ್ತದೆ.

ಲಾಗ್‌ಬುಕ್ ಮತ್ತು ಎಂಜಿನ್

ಈ ಹಂತದಲ್ಲಿ ಅವಸರ ಮಾಡಬೇಡಿ. ಹಳೆಯ ಜೆಟ್‌ನ ಬೆಲೆ ಎಂದರೆ ಹಿಂದಿನ ಮಾಲೀಕ ಮುಂದೂಡಿದ ಖರ್ಚುಗಳ ಪಟ್ಟಿ. ಅವನು ಮಾಡಿಸದೆ ಬಿಟ್ಟ ಕೆಲಸದ ಮೊತ್ತವನ್ನು ಕೇಳಿದ ಬೆಲೆಗೆ ಕೂಡಿಸಿದಾಗಲೇ ನಿಜವಾದ ಬೆಲೆ ಗೊತ್ತಾಗುತ್ತದೆ, ಆ ಪಟ್ಟಿ ಸಿಗುವುದು ಲಾಗ್‌ಬುಕ್ಕಿನಲ್ಲಿ ಮಾತ್ರ.

ಸೈಟೇಷನ್ 2ರ ಜೆಟಿ15ಡಿ-4 ಎಂಜಿನ್ನಿಗೆ 3,500 ಗಂಟೆಗೆ ಪೂರ್ಣ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಜೋಡಿಸುವ ಕೆಲಸ), ಅದರ ಅರ್ಧ ದಾರಿಯಲ್ಲಿ, ಅಂದರೆ 1,750 ಗಂಟೆಗೆ ಹಾಟ್ ಸೆಕ್ಷನ್, ಅಂದರೆ ಇಂಧನ ಉರಿಯುವ ಬಿಸಿ ಭಾಗದ ತಪಾಸಣೆ ಆಗಬೇಕು. ಈಗ ಎರಡು ವಿಮಾನಗಳು ನಿಮ್ಮ ಮುಂದಿವೆ ಎಂದುಕೊಳ್ಳಿ. ಮೊದಲನೆಯದರ ಎಂಜಿನ್ನುಗಳು ಓವರ್‌ಹಾಲ್ ಆಗಿ 3,200 ಗಂಟೆ ಓಡಿವೆ. ಎರಡನೆಯದರ ಎಂಜಿನ್ನುಗಳು 1,900 ಗಂಟೆ ಓಡಿವೆ, ಹಾಟ್ ಸೆಕ್ಷನ್ ಕೆಲಸವೂ ಮುಗಿದಿದೆ. ವರ್ಷಕ್ಕೆ 150 ಗಂಟೆ ಹಾರುವವರಿಗೆ ಮೊದಲನೆಯದರಲ್ಲಿ ಉಳಿದದ್ದು ಎರಡೇ ವರ್ಷ, ಎರಡನೆಯದರಲ್ಲಿ ಹತ್ತು ವರ್ಷಕ್ಕೂ ಹೆಚ್ಚು. ಒಂದೊಂದು ಎಂಜಿನ್ನಿನ ಓವರ್‌ಹಾಲಿಗೆ ಹಲವು ಲಕ್ಷ ಡಾಲರ್ ಬೀಳುವಾಗ ಎರಡಕ್ಕೂ ಸೇರಿ ಆಗುವ ವೆಚ್ಚ ವಿಮಾನದ ಬೆಲೆಯನ್ನೇ ಮೀರಬಹುದು. ಹಾಗಾಗಿ ಹಾರಿದ ಪ್ರತಿ ಗಂಟೆಗೂ ಓವರ್‌ಹಾಲಿನ ಪಾಲನ್ನು ಬೇರೆ ಖಾತೆಗೆ ಹಾಕುತ್ತ ಹೋಗಬೇಕು, ಇಲ್ಲವೇ ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಿಸಿಕೊಂಡು ಎಂಜಿನ್ನಿನ ಹೊಣೆ ಹೊರುವ ಯೋಜನೆಗಳಲ್ಲಿ ಒಂದಕ್ಕೆ ಸೇರಬೇಕು. ಮಾರುವವನು ಇಂಥ ಯೋಜನೆಯಲ್ಲಿದ್ದರೆ ಅದು ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ, ಬಾಕಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿರಿ.

ವಿಮಾನದ ಶರೀರಕ್ಕೂ ಇಂಥದೇ ಪಂಚಾಂಗವಿದೆ. ಇದೇ ಸೈಟೇಷನ್‌ಗಳಲ್ಲಿ ಐದು ಹಂತಗಳ ತಪಾಸಣೆ ನಡೆಯುತ್ತದೆ. ಮೊದಲ ನಾಲ್ಕು 300 ಗಂಟೆ ಅಥವಾ 24 ತಿಂಗಳಿಗೆ, ಐದನೆಯದು 1,200 ಗಂಟೆ ಅಥವಾ 36 ತಿಂಗಳಿಗೆ. 'ಅಥವಾ' ಎಂಬ ಪದವನ್ನು ಎರಡು ಸಲ ಓದಿರಿ. ಹಾರದೆ ನಿಂತ ವಿಮಾನಕ್ಕೂ ತಿಂಗಳುಗಳು ಓಡುತ್ತಿರುತ್ತವೆ. "ಐದು ವರ್ಷದಲ್ಲಿ ಬರೀ ನೂರು ಗಂಟೆ ಹಾರಿದೆ, ಹೊಸದರ ಹಾಗಿದೆ" ಎಂಬುದು ಮಾರುವವನ ಬಾಯಲ್ಲಿ ಹೊಗಳಿಕೆಯಾದರೂ ಕೊಳ್ಳುವವನ ಕಿವಿಗೆ ಎಚ್ಚರಿಕೆಯಾಗಿ ಕೇಳಬೇಕು: ಒಣಗಿದ ಸೀಲುಗಳು, ತುಕ್ಕು ಹಿಡಿದ ಬೇರಿಂಗ್‌ಗಳು, ಅವಧಿ ಮುಗಿದ ಆಮ್ಲಜನಕದ ಸಿಲಿಂಡರ್, ಬೆಂಕಿ ಆರಿಸುವ ಬಾಟಲಿ, ಎಲ್ಲವೂ ಕಾಯುತ್ತಿರುತ್ತವೆ.

ವಿಮಾನ ಯಾವ ಊರಿನಲ್ಲಿ ನಿಂತಿತ್ತು ಎಂಬುದನ್ನೂ ಲಾಗ್‌ಬುಕ್ ಹೇಳುತ್ತದೆ. ಸಮುದ್ರ ತೀರದಲ್ಲಿ ಬಯಲಲ್ಲಿ ನಿಂತ ವಿಮಾನಕ್ಕೂ ನಮ್ಮಂಥ ಒಣ ನಾಡಿನಲ್ಲಿ ನಿಂತದ್ದಕ್ಕೂ ತುಕ್ಕಿನ ವಿಷಯದಲ್ಲಿ ಅಜಗಜಾಂತರ. ಕಲಬುರಗಿಯ ಬಿಸಿಲನ್ನು ಬೈಯುವವರು ಇದೊಂದಕ್ಕಾದರೂ ಅದಕ್ಕೆ ಕೈಮುಗಿಯಬೇಕು.

ಕೊಳ್ಳುವ ಮುನ್ನ ತಪಾಸಣೆ

ಮುಂಗಡವನ್ನು ಮಾರುವವನ ಕೈಗೆ ಕೊಡದೆ ಮೂರನೆಯವರ ಖಾತೆಯಲ್ಲಿ ಇಟ್ಟು, ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಹಣ ಹಿಂದಿರುಗಬೇಕೆಂಬ ಷರತ್ತನ್ನು ಬರೆಸಿಕೊಂಡ ಮೇಲೆ, ನೀವೇ ಆರಿಸಿದ ವರ್ಕ್‌ಶಾಪಿನಲ್ಲಿ ವಿಮಾನವನ್ನು ಬಿಚ್ಚಿಸಿ ನೋಡಬೇಕು. 'ನೀವೇ ಆರಿಸಿದ' ಎಂಬುದನ್ನು ನಾವು ದುಡ್ಡು ಕೊಟ್ಟು ಕಲಿತೆವು. ಮಾರುವವರು ಸೂಚಿಸಿದ ಕಡೆಗೇ ತಪಾಸಣೆ ಮಾಡಿಸಿ, ಸ್ವಚ್ಛವಾದ ವರದಿ ಹಿಡಿದು ವಿಮಾನ ತಂದೆವು. ಮೂರು ತಿಂಗಳ ನಂತರ ಶೌಚಾಲಯದ ಕೆಳಗಿನ ನೆಲಹಲಗೆ ಎತ್ತಿದಾಗ ಅಲ್ಯೂಮಿನಿಯಂ ತೊಲೆಯ ಮೇಲೆ ಬಿಳಿಯ ಹಿಟ್ಟು ಉದುರಿದಂತಿತ್ತು, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಹಪ್ಪಳದಂತೆ ಪದರ ಪದರವಾಗಿ ಎದ್ದು ಬಂತು. ವರದಿ ಕೊಟ್ಟವರು ಆ ಹಲಗೆಯನ್ನು ಎತ್ತಿಯೇ ಇರಲಿಲ್ಲ. ಆ ತೊಲೆಯ ದುರಸ್ತಿಗೆ ವಿಮಾನ ಹನ್ನೊಂದು ವಾರ ನಿಂತಿತು.

ಆದ್ದರಿಂದ ತಪಾಸಣೆಯ ಪಟ್ಟಿಯಲ್ಲಿ ಇವು ಹೆಸರು ಹಿಡಿದು ಬರಲಿ: ಶೌಚಾಲಯ ಮತ್ತು ಅಡುಗೆಕಟ್ಟೆಯ ಕೆಳಗಿನ ರಚನೆ, ಬ್ಯಾಟರಿ ಪೆಟ್ಟಿಗೆಯ ಸುತ್ತ, ರೆಕ್ಕೆಯ ಮುಖ್ಯ ತೊಲೆ, ಕಿಟಕಿಗಳ ಅಕ್ರಿಲಿಕ್ ಮೇಲಿನ ಕೂದಲೆಳೆಯ ಬಿರುಕುಗಳು, ಎರಡೂ ಎಂಜಿನ್ನುಗಳ ಬೋರೋಸ್ಕೋಪ್ (ಒಳಗೆ ತೂರಿಸಿ ನೋಡುವ ಸಣ್ಣ ಕ್ಯಾಮೆರಾ) ಚಿತ್ರಗಳು. ಪ್ರತಿ ಬಿಡಿಭಾಗದ ಕ್ರಮಸಂಖ್ಯೆಯನ್ನು ಕಾಗದದಲ್ಲಿರುವುದರೊಂದಿಗೆ ತಾಳೆ ನೋಡಿಸಿರಿ. ಕೊನೆಗೆ ಒಂದು ಹಾರಾಟ. ಎತ್ತರದಲ್ಲಿ ಕ್ಯಾಬಿನ್ ಒತ್ತಡ ನಿಲ್ಲುತ್ತದೆಯೇ, ಆಟೋಪೈಲಟ್ ನೆಟ್ಟಗೆ ಹಿಡಿಯುತ್ತದೆಯೇ ಎಂಬುದು ನೆಲದಲ್ಲಿ ಗೊತ್ತಾಗುವುದಿಲ್ಲ.

ತೆರಿಗೆ, ಕಾಗದ

ವೈಯಕ್ತಿಕ ಬಳಕೆಯ ವಿಮಾನಕ್ಕೆ ಜಿಎಸ್‌ಟಿ ದರ 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ವಿಮಾನ ಇಂಧನ ಜಿಎಸ್‌ಟಿಯ ಹೊರಗಿದ್ದು ರಾಜ್ಯಗಳು ತಮ್ಮ ತಮ್ಮ ಮಾರಾಟ ತೆರಿಗೆ ಹಾಕುವುದರಿಂದ, ಎಲ್ಲಿ ಟ್ಯಾಂಕ್ ತುಂಬಿಸಬೇಕೆಂಬುದೂ ಒಂದು ಲೆಕ್ಕವೇ. ನಿಮ್ಮ ಲೆಕ್ಕಪರಿಶೋಧಕರಿಗೆ ವಿಮಾನದ ಅನುಭವವಿಲ್ಲದಿದ್ದರೆ ಇರುವವರನ್ನು ಹುಡುಕಿರಿ.

ನೋಂದಣಿ ಪತ್ರ, ಹಾರಾಟ ಯೋಗ್ಯತೆಯ ಪತ್ರ, ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಿ ಕೊಡುವ ಎಆರ್‌ಸಿ, ರೇಡಿಯೊ ಲೈಸೆನ್ಸ್, ವಿಮೆ, ಇವಿಷ್ಟು ವಿಮಾನದೊಳಗೆ ಇರಬೇಕಾದವು. ಇವುಗಳ ತಾರೀಕುಗಳನ್ನು ನೋಡಿಕೊಳ್ಳಲು ಡಿಜಿಸಿಎ ಮಾನ್ಯತೆಯ ಕ್ಯಾಮೊ, ಅಂದರೆ ವಿಮಾನದ ಹಾರಾಟ ಯೋಗ್ಯತೆಯನ್ನು ಸತತವಾಗಿ ನೋಡಿಕೊಳ್ಳುವ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಮಾಲೀಕನೇ ಡೈರಿಯಲ್ಲಿ ಬರೆದಿಟ್ಟು ನಿಭಾಯಿಸುತ್ತೇನೆ ಎಂದರೆ ಆಗುವ ಕೆಲಸವಲ್ಲ.

ಖಾಸಗಿ ನೋಂದಣಿಯ ವಿಮಾನದಲ್ಲಿ ಯಾರಿಂದಲೂ ಬಾಡಿಗೆ ಪಡೆಯುವಂತಿಲ್ಲ. ನಮ್ಮ ಕಡೆ ಚುನಾವಣೆ ಬಂದಾಗ, ಬೀಗರ ಮದುವೆ ಬಂದಾಗ, "ಡೀಸೆಲ್ ಖರ್ಚು ನಾವು ಕೊಡ್ತೀವ್ರಿ" ಎಂದು ಬರುವವರು ಇದ್ದೇ ಇರುತ್ತಾರೆ. ಬಾಡಿಗೆಗೆ ಬಿಡಬೇಕಾದರೆ ನಿಗದಿತವಲ್ಲದ ಸೇವೆಯ ಪರವಾನಗಿ ಬೇಕು, ಅದಕ್ಕೆ ಸಿಬ್ಬಂದಿ, ಕೈಪಿಡಿ, ತರಬೇತಿಗಳ ಬೇರೆಯದೇ ಸಂಸಾರವಿದೆ. ಒಂದೇ ಹಳೆಯ ವಿಮಾನದ ಮೇಲೆ ಆ ಸಂಸಾರ ಹೂಡುವುದನ್ನು ನಾನು ಯಾರಿಗೂ ಸೂಚಿಸಿಲ್ಲ.

ಹಾರಿಸುವವರು

ಸೈಟೇಷನ್ 2, ಹಾಕರ್ 800 ಇವೆರಡೂ ಮೂಲತಃ ಇಬ್ಬರು ಪೈಲಟ್‌ಗಳ ವಿಮಾನಗಳು. ಕಲಬುರಗಿ ನಿಲ್ದಾಣದಲ್ಲಿ ತರಬೇತಿ ವಿಮಾನಗಳು ಸುತ್ತುವುದನ್ನು ದಿನವೂ ನೋಡುವವರಿಗೆ, ಇಲ್ಲೇ 200 ಗಂಟೆ ಹಾರಿ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆದ ನಮ್ಮ ಹುಡುಗರನ್ನೇ ನೇಮಿಸಿಕೊಳ್ಳಬಾರದೇಕೆ ಎನ್ನಿಸುವುದು ಸಹಜ. ಬಲಗಡೆಯ ಸೀಟಿಗೆ ಖಂಡಿತ ನೇಮಿಸಿಕೊಳ್ಳಿ. ಎಡಗಡೆ ಕೂರುವವರು ಮಾತ್ರ ಆ ಮಾದರಿಯಲ್ಲೇ ಕೂದಲು ನರೆಸಿಕೊಂಡವರಾಗಿರಲಿ; ಹಳೆಯ ವಿಮಾನದಲ್ಲಿ ಕಂಪ್ಯೂಟರ್ ಮಾಡದ ಕೆಲಸವನ್ನು ಅವರ ಕಿವಿ, ಕೈ ಮಾಡುತ್ತವೆ. ಇಬ್ಬರಿಗೂ ಟೈಪ್ ರೇಟಿಂಗ್ (ಆ ಮಾದರಿಯನ್ನೇ ಹಾರಿಸುವ ಅರ್ಹತೆ), ನಿಯತವಾಗಿ ಸಿಮ್ಯುಲೇಟರ್ ತರಬೇತಿ ಬೇಕೇ ಬೇಕು. ಸಾಹುಕಾರರಿಗೆ ಸ್ವತಃ ಹಾರಿಸುವ ಆಸೆಯಿದ್ದರೆ, ಮೊದಲು ಸಣ್ಣ ವಿಮಾನದಲ್ಲಿ ಖಾಸಗಿ ಲೈಸೆನ್ಸ್, ಆಮೇಲೆ ಹೊರಗೆ ಕಾಣದಿದ್ದರೂ ಮಾಪಕಗಳನ್ನೇ ನೋಡಿ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್, ಎರಡು ಎಂಜಿನ್ನಿನ ಅನುಭವ, ಅದಾದ ಮೇಲೆ ಜೆಟ್. ಈ ಮೆಟ್ಟಿಲುಗಳಲ್ಲಿ ಯಾವುದನ್ನೂ ದಾಟಿ ಹೋಗಲು ವಿಮಾ ಕಂಪನಿಯೇ ಬಿಡುವುದಿಲ್ಲ.

ನಮ್ಮ ಬಿಸಿಲಿನ ಗಣಿತ

2019ರ ನವೆಂಬರ್ 22ರಂದು ಉದ್ಘಾಟನೆಯಾದ ಕಲಬುರಗಿ ವಿಮಾನ ನಿಲ್ದಾಣದ ರನ್‌ವೇ 3,175 ಮೀಟರ್ ಉದ್ದವಿದೆ. ಇಷ್ಟುದ್ದದ ರನ್‌ವೇ ನೋಡಿ ಮಾಲೀಕರು ಎಷ್ಟು ಜನರನ್ನಾದರೂ ಹತ್ತಿಸಬಹುದೆಂದು ಭಾವಿಸುತ್ತಾರೆ. ಮೇ ತಿಂಗಳ ಮಧ್ಯಾಹ್ನದ ಲೆಕ್ಕ ಹೀಗಿದೆ. ಸಮುದ್ರಮಟ್ಟದ ಪ್ರಮಾಣಿತ ಉಷ್ಣಾಂಶ 15 ಡಿಗ್ರಿ. ಮೇಲೇರಿದಂತೆ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಯುತ್ತದೆ. ಸುಮಾರು 1,500 ಅಡಿ ಎತ್ತರದ ಕಲಬುರಗಿಯಲ್ಲಿ ಅದು 12 ಡಿಗ್ರಿ ಇರಬೇಕು. ಹೊರಗೆ 42 ಇದ್ದರೆ 30 ಡಿಗ್ರಿ ಹೆಚ್ಚಾಯಿತು. ಹೆಚ್ಚಿನ ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ 3,600 ಅಡಿ ಕೂಡಿಸಿರಿ: ವಿಮಾನದ ಪಾಲಿಗೆ ಕಲಬುರಗಿ ಆ ಹೊತ್ತಿನಲ್ಲಿ 5,100 ಅಡಿ ಎತ್ತರದ ಊರು. ರೆಕ್ಕೆಗೂ ಎಂಜಿನ್ನಿಗೂ ತೆಳುವಾದ ಗಾಳಿಯೇ ಗತಿ.

ರನ್‌ವೇ ಸಾಲುತ್ತದೆ, ಅದು ತೊಂದರೆಯಲ್ಲ. ನೆಲ ಬಿಟ್ಟ ಮೇಲೆ ಒಂದು ಎಂಜಿನ್ ನಿಂತರೂ, ಚಕ್ರ ಒಳಗೆಳೆದುಕೊಂಡು ಉಳಿದೊಂದರ ಬಲದಲ್ಲಿ ಶೇ. 2.4ರ ಏರಿಕೆ ಸಿಗಲೇಬೇಕೆಂಬುದು ಈ ವರ್ಗದ ಎರಡು ಎಂಜಿನ್ ವಿಮಾನಗಳ ನಿಯಮ. ಬಿಸಿಲಿನಲ್ಲಿ ತೂಕವನ್ನು ಕಟ್ಟಿಹಾಕುವುದು ಇದು. ಇಂಧನ ಇಳಿಸಬೇಕು, ಇಲ್ಲವೇ ಜನ ಇಳಿಸಬೇಕು. ನಾವು ಮಾರ್ಚಿನಿಂದ ಜೂನ್‌ವರೆಗೆ ದೂರದ ಪ್ರಯಾಣಗಳನ್ನು ನಿಲ್ದಾಣ ತೆರೆಯುವ ಮೊದಲ ಹೊತ್ತಿಗೇ ಇಟ್ಟುಕೊಳ್ಳುತ್ತೇವೆ. ನಿಲ್ದಾಣದ ಕೆಲಸದ ವೇಳೆಯನ್ನು ಹಿಂದಿನ ದಿನವೇ ಖಚಿತಪಡಿಸಿಕೊಳ್ಳುತ್ತೇವೆ. ಬಿಸಿಯಾದ ಬ್ಯಾಟರಿಯಿಂದ ಎಂಜಿನ್ ಚಾಲೂ ಮಾಡುವ ಸಾಹಸವನ್ನೂ ಬಿಟ್ಟಿದ್ದೇವೆ. ತಿರುಗುವ ವೇಗ ಸಾಲದೆ ಒಳಗಿನ ಉಷ್ಣಾಂಶ ಮಿತಿ ದಾಟಿದರೆ ಆ ಕೆಲವೇ ಸೆಕೆಂಡುಗಳಲ್ಲಿ ಟರ್ಬೈನ್ ಸುಡುತ್ತದೆ. ಅದಕ್ಕಿಂತ ನೆಲದ ವಿದ್ಯುತ್ ಗಾಡಿಯ ಬಾಡಿಗೆ ಅಗ್ಗ.

ಹಳೆಯ ಸೈಟೇಷನ್ ಕೊಳ್ಳುವವರಿಗೆ ಒಂದು ಸಣ್ಣ ಸೂಚನೆ: ನೆಲದಲ್ಲಿ 42 ಡಿಗ್ರಿ ಇದ್ದರೂ ಮೇಲೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಇಂಧನದಲ್ಲಿನ ನೀರಿನಂಶ ಮಂಜುಗಡ್ಡೆಯಾಗದಂತೆ ಅದಕ್ಕೆ ಬೆರೆಸುವ ದ್ರವವನ್ನು ಈ ವಿಮಾನಗಳು ಕೇಳುತ್ತವೆ. ನಾಗರಿಕ ನಿಲ್ದಾಣಗಳಲ್ಲಿ ಸಿಗುವ ಇಂಧನದಲ್ಲಿ ಅದು ಸಾಮಾನ್ಯವಾಗಿ ಬೆರೆತಿರುವುದಿಲ್ಲ. ಡಬ್ಬಿಗಳನ್ನು ನೀವೇ ಇಟ್ಟುಕೊಂಡು ಓಡಾಡಬೇಕು.

ನಿಲ್ಲಿಸುವ ಜಾಗ

ಕೊಳ್ಳುವ ಮೊದಲೇ ನಿಲ್ಲಿಸುವ ಜಾಗದ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಹ್ಯಾಂಗರ್ ಸಿಗದೆ ಬಯಲಲ್ಲಿ ನಿಲ್ಲಿಸಬೇಕಾದರೆ ಎಂಜಿನ್ನಿನ ಬಾಯಿಗೆ, ಹಿಂಬದಿಗೆ, ಕಿಟಕಿಗಳಿಗೆ ಹೊಂದುವ ಮುಚ್ಚಿಗೆಗಳನ್ನು ಹೊಲಿಸಿಕೊಳ್ಳಿ. ಎರೆಮಣ್ಣಿನ ಧೂಳು, ಸೇಡಂ ಕಡೆಯ ಸುಣ್ಣಕಲ್ಲಿನ ಪುಡಿ ಎರಡೂ ಇಲ್ಲಿಯ ಗಾಳಿಯಲ್ಲಿವೆ. ಬಾಲದ ಸಂದಿಯಲ್ಲಿ ಗೊರವಂಕ ಎರಡೇ ದಿನದಲ್ಲಿ ಒಂದು ಬುಟ್ಟಿ ಹುಲ್ಲು ತುಂಬಬಲ್ಲದು.

ಒಂದು ನವೆಂಬರ್ ಬೆಳಿಗ್ಗೆ, ನಾಲ್ಕು ದಿನ ನಿಂತಿದ್ದ ವಿಮಾನ ರನ್‌ವೇ ಮೇಲೆ ಓಡತೊಡಗಿದಾಗ ಎಡಗಡೆಯ ವೇಗಮಾಪಕದ ಮುಳ್ಳು ಮೇಲೆದ್ದಿತು, ಬಲಗಡೆಯದು ಮಿಸುಕಲಿಲ್ಲ. ಕ್ಯಾಪ್ಟನ್ ಥ್ರಾಟಲ್ ಹಿಂದೆಳೆದು ನಿಧಾನವಾಗಿ ವಾಪಸು ತಂದರು. ವೇಗ ಅಳೆಯುವ ಪಿಟಾಟ್ ಕೊಳವೆಯೊಳಗೆ ಟಾರ್ಚ್ ಹಾಯಿಸಿದರೆ ಉಗುರಿನಷ್ಟು ದಪ್ಪದ ಮಣ್ಣಿನ ಗೋಡೆ. ಅದನ್ನು ಒಡೆದಾಗ ಹಿಂದೆ ಒಂದು ಹಸಿರು ಹುಳು ಮಡಚಿಕೊಂಡು ಮಲಗಿತ್ತು, ಸತ್ತಿರಲಿಲ್ಲ, ಮರಗಟ್ಟಿತ್ತು. ಕುಂಬಾರ ಹುಳ ಪಕ್ಕದ ತೊಗರಿ ಹೊಲದಿಂದ ತನ್ನ ಮರಿಗೆಂದು ತಂದಿಟ್ಟ ಬುತ್ತಿ ಅದು. ಸಾಹುಕಾರರು ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, "ಕಾಯಿಕೊರಕ ಇದ್ದಂಗದರಿ" ಎಂದರು. ಕೊಳವೆಯ ಮುಚ್ಚಿಗೆಯನ್ನು 'ಒಂದೇ ರಾತ್ರಿ' ಎಂದು ಹಾಕದೆ ಬಿಟ್ಟಿದ್ದರು; ಅದು ನಾಲ್ಕು ರಾತ್ರಿಯಾಯಿತು. ಈಗ ವಿಮಾನ ನಿಂತು ಅರ್ಧ ಗಂಟೆಯೊಳಗೆ ಕೆಂಪು ಪಟ್ಟಿಯ ಮುಚ್ಚಿಗೆಗಳು ಬೀಳುತ್ತವೆ, ಹೊರಡುವ ಮೊದಲು ಅವುಗಳನ್ನು ಎಣಿಸಿ ಚೀಲಕ್ಕೆ ಹಾಕುತ್ತೇವೆ.

ಬೀದರ, ಯಾದಗಿರಿಯವರಿಗೆ

ಯಾದಗಿರಿಯಲ್ಲಿ ವಿಮಾನ ನಿಲ್ದಾಣವಿಲ್ಲ, ಕಲಬುರಗಿಯೇ ಹತ್ತಿರ. ಬೀದರದ ರನ್‌ವೇ ವಾಯುಪಡೆಯದು. 2020ರಲ್ಲಿ ಶುರುವಾದ ನಾಗರಿಕ ಟರ್ಮಿನಲ್ ಅದರ ಅಂಚಿನಲ್ಲಿದೆ. ಹಾಕ್ ವಿಮಾನಗಳ ತರಬೇತಿ, ಸೂರ್ಯಕಿರಣ ತಂಡದ ಅಭ್ಯಾಸ ಅಲ್ಲಿಯೇ ನಡೆಯುವುದರಿಂದ ಮುಂಚಿತ ಅನುಮತಿಯಿಲ್ಲದೆ ಇಳಿಯುವ ಮಾತಿಲ್ಲ. ಸಿಕ್ಕ ವೇಳೆಯನ್ನು ತಪ್ಪಿಸಿಕೊಂಡರೆ ಕಾಯಬೇಕು, ಫೋಟೊ ತೆಗೆಯುವ ಚಪಲವನ್ನು ಅತಿಥಿಗಳು ಮನೆಯಲ್ಲೇ ಬಿಟ್ಟು ಬರಬೇಕು. ಬೀದರ ಎರಡು ಸಾವಿರ ಅಡಿಗಿಂತ ಎತ್ತರದಲ್ಲಿರುವುದರಿಂದ ಮೇಲೆ ಹೇಳಿದ ಬಿಸಿಲಿನ ಲೆಕ್ಕ ಅಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಎಲ್ಲಿಂದ ಹೊರಟರೂ ಫ್ಲೈಟ್ ಪ್ಲಾನ್ ಜೊತೆಗೆ ವಾಯುರಕ್ಷಣೆಯ ಒಪ್ಪಿಗೆಯಾದ ಎಡಿಸಿ ಸಂಖ್ಯೆ, ಹಾರಾಟ ಮಾಹಿತಿ ಕೇಂದ್ರ ಕೊಡುವ ಎಫ್‌ಐಸಿ ಸಂಖ್ಯೆ ಪಡೆದಿರಬೇಕು.

ಮಾರುವ ಹೊತ್ತು

ಕೊಳ್ಳುವಾಗಲೇ ಮಾರುವ ವರ್ಷವನ್ನೂ ಗುರುತು ಹಾಕಿಕೊಳ್ಳಿ. ಓವರ್‌ಹಾಲಿಗೆ ಇನ್ನೂ ಸಾವಿರ ಗಂಟೆ ಉಳಿದಿರುವಾಗ, ಐದನೇ ಹಂತದ ತಪಾಸಣೆ ಆಗಷ್ಟೇ ಮುಗಿದಿರುವಾಗ ಮಾರುವುದು ಲೇಸು. ತಪಾಸಣೆಯ ಗಡುವು ಹತ್ತಿರ ಬಂದ ವಿಮಾನಕ್ಕೆ ಕೊಳ್ಳುವವರು ಆ ಖರ್ಚಿನ ಎರಡರಷ್ಟು ಬೆಲೆ ಮುರಿಯುತ್ತಾರೆ. ನಮ್ಮ ವಿಮಾನದ ಲಾಗ್‌ಬುಕ್‌ಗಳು ಗೆದ್ದಲು ಮುಟ್ಟದ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿವೆ, ಪ್ರತಿ ಹಾಳೆಯೂ ಸ್ಕ್ಯಾನ್ ಆಗಿ ಬೇರೊಂದು ಊರಿನಲ್ಲೂ ಇದೆ. ಕಳೆದ ತಿಂಗಳು ಒಬ್ಬರು ನೋಡಲು ಬಂದಿದ್ದರು. ಹೊಸ ಬಣ್ಣ ಚೆನ್ನಾಗಿದೆ ಎಂದು ರೆಕ್ಕೆಯ ಮೇಲೆ ಕೈಯಾಡಿಸುತ್ತಿದ್ದವರನ್ನು ಸಾಹುಕಾರರು ಕರೆದು, ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಸಿ ಕೂರಿಸಿದರು.